ಪುಸ್ತಕದ ಮಲಾರ

ಬಳೆಗಾರನು ಮನೆಯ ಬಾಗಿಲಿಗೆ ಬರುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಹೆಗಲಿನ ಮಲಾರವನ್ನು ಜಗಲಿಯ ಮೇಲೆ ಇಳಿಸಿ, ಮುಖದ ಬೆವರು ಒರೆಸಿಕೊಂಡು, ಒಂದು ಲೋಟ ಮಜ್ಜಿಗೆ ಕುಡಿದು ಅವನು ಕುಳಿತನೆಂದರೆ, ಆ ಮನೆಯವರಷ್ಟೇ ಅಲ್ಲ, ಅಕ್ಕಪಕ್ಕದ ನಾಲ್ಕು ಮನೆಗಳ ಹೆಂಗಸರೂ ಮಕ್ಕಳೂ ಅಲ್ಲಿ ನೆರೆಯುತ್ತಿದ್ದರು. ಆದರೆ ಅವನು ಯಾರ ಕೈಗೂ ತನಗೆ ಹೆಚ್ಚು ಲಾಭ ತರುವ ಬಳೆಯನ್ನು ತುರುಕುತ್ತಿರಲಿಲ್ಲ. ಮೊದಲು ಕೈಯನ್ನು ಹಿಡಿದು, ಗಿಣ್ಣುಗಳನ್ನು ಮೆಲ್ಲನೆ ಒತ್ತಿ ನೋಡಿ, ಅಳತೆ ತಿಳಿದ ಮೇಲೆಯೇ ಮಲಾರಕ್ಕೆ ಕೈಹಾಕುತ್ತಿದ್ದನು. ತೊಡಿಸುವಾಗ ಬಳೆ ಒಡೆದರೆ ನಷ್ಟ ಅವನದು. ಅದಕ್ಕೆ ಕಾಸು ಕೇಳುವುದು ಅವನ ವೃತ್ತಿಧರ್ಮಕ್ಕೆ ಸಲ್ಲದು. ಮುಂದಿನ ಹಬ್ಬಕ್ಕೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದವನಿಗೆ ಆ ಧರ್ಮವೇ ಬಂಡವಾಳವಾಗಿತ್ತು.

ಮಕ್ಕಳ ಪುಸ್ತಕಗಳನ್ನು ಮನೆಯ ಕೂಟಗಳಲ್ಲಿ ಮಾರುವ ವಿಚಾರವನ್ನು ಬರೆಯಹೊರಟವನು ಬಳೆಗಾರನಿಂದ ಮೊದಲುಮಾಡಿದುದಕ್ಕೆ ಕಾರಣವುಂಟು. ಮನೆಯ ಕೂಟದ ಮಾರಾಟವೆಂದೊಡನೆ ಅದು ಪರದೇಶದ ಪದ್ಧತಿಯೆಂದು ಕೆಲವರು ಹೊಗಳುತ್ತಾರೆ. ಅದೇ ಕಾರಣಕ್ಕೆ ಕೆಲವರು ಮೂಗು ಮುರಿಯುತ್ತಾರೆ. ಅಲ್ಲಿಯೂ ಅದಕ್ಕೊಂದು ಚರಿತ್ರೆ ಇರುವುದು ನಿಜ. ಅಮೆರಿಕದ ಟಪ್ಪರ್‌ವೇರ್ ಸಂಸ್ಥೆ 1951ರಲ್ಲಿ ತನ್ನ ಪ್ಲಾಸ್ಟಿಕ್ ಡಬ್ಬಿಗಳನ್ನು ಅಂಗಡಿಗಳಿಂದ ಹಿಂತೆಗೆದುಕೊಂಡು, ಗೃಹಿಣಿಯರು ಸೇರುವ ಕೂಟಗಳಲ್ಲಿ ಮಾತ್ರ ಮಾರತೊಡಗಿತು. ಬ್ರೌನಿ ವೈಸ್ ಎಂಬ ಮಹಿಳೆ ಆ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದಳು. ಇಂಗ್ಲೆಂಡಿನಲ್ಲಿ ಪೀಟರ್ ಅಸ್‌ಬೋರ್ನ್ 1973ರಲ್ಲಿ ಸ್ಥಾಪಿಸಿದ ಮಕ್ಕಳ ಪುಸ್ತಕಗಳ ಪ್ರಕಾಶನವು 1981ರಲ್ಲಿ ಇದೇ ದಾರಿಯನ್ನು ಹಿಡಿಯಿತು. ಮನೆಯಲ್ಲಿ ಮಕ್ಕಳಿರುವ ತಾಯಿಯೊಬ್ಬಳು ಪ್ರಕಾಶಕರ ಪ್ರತಿನಿಧಿಯಾಗುತ್ತಾಳೆ. ಗೆಳತಿಯೊಬ್ಬಳ ಮನೆಯಲ್ಲಿ ನೆರೆಹೊರೆಯವರನ್ನು ಕೂಡಿಸಿ, ಚಹ ಕೊಟ್ಟು, ಪುಸ್ತಕಗಳನ್ನು ಹರಡಿ ತೋರಿಸುತ್ತಾಳೆ. ಮಾರಿದ ಬೆಲೆಯಲ್ಲಿ ಅವಳಿಗೊಂದು ಪಾಲು. ಪದ್ಧತಿ ಇಷ್ಟೆ. ಜಗಲಿಯ ಮೇಲಿನ ಬಳೆಗಾರನನ್ನು ಬಲ್ಲ ನಮಗೆ ಇದರಲ್ಲಿ ಅಪೂರ್ವವಾದುದೇನೂ ಕಾಣದು.

ಪ್ರಶ್ನೆಯಿರುವುದು ಬೇರೆ. ಲಂಡನ್ನಿನ ತಾಯಿಗೆ ಮನೆಯ ಕೂಟವು ಅಂಗಡಿಯ ಜೊತೆಗೆ ಇನ್ನೊಂದು ಅನುಕೂಲ. ನಮ್ಮ ಹೋಬಳಿಯ ಊರುಗಳಲ್ಲಿ ಅದು ಹಾಗಲ್ಲ; ಅಲ್ಲಿ ಮಕ್ಕಳ ಪುಸ್ತಕ ಮಗುವಿನ ಕೈಗೆ ತಲುಪಲು ಬೇರೆ ದಾರಿಗಳೇ ತೀರ ಕಡಮೆ. ಮಾತನ್ನು ಗಾಳಿಯಲ್ಲಿ ಆಡದೆ ಒಂದು ಊರನ್ನು ಹಿಡಿದು ಹೇಳುತ್ತೇನೆ.

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಹೊಳವನಹಳ್ಳಿ ಒಂದು ಹೋಬಳಿಯ ಕೇಂದ್ರ. ಹಿಂದೆ ಪಾಳೆಯಗಾರರು ಆಳಿದ ಊರು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಬರುವ ಜಯಮಂಗಲಿಯ ಸೀಮೆ ಅದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿ ಮಾಡಿರುವುದರಿಂದ, ಅಲ್ಲಿನ ಶಾಲೆಗಳ ಲೆಕ್ಕವೆಲ್ಲ ಮಧುಗಿರಿಗೆ ಸೇರುತ್ತದೆ. ಶಾಲೆಗಳುಂಟು, ಓದಬಲ್ಲ ಮಕ್ಕಳುಂಟು, ಮಕ್ಕಳು ಓದಬೇಕೆಂದು ಆಸೆಪಡುವ ತಾಯಂದಿರುಂಟು. ಆ ಊರಿನಲ್ಲಿ ನನಗೆ ದೂರದ ಸಂಬಂಧದ ಅಕ್ಕನೊಬ್ಬಳ ಮನೆ ಇದೆ. ಅವಳ ಮೊಮ್ಮಗಳಿಗೆ ಒಂದು ಕಥೆಯ ಪುಸ್ತಕ ಕೊಡಿಸೋಣವೆಂದು ಒಮ್ಮೆ ಹೊರಟೆ. ನಾನು ಹೊಕ್ಕ ಅಂಗಡಿಯಲ್ಲಿ ನೋಟುಪುಸ್ತಕವಿತ್ತು, ಪರೀಕ್ಷೆಯ ಗೈಡಿತ್ತು, ಪೆನ್ನು, ಅಂಟು, ಬಣ್ಣದ ಹಾಳೆ ಎಲ್ಲವೂ ಇದ್ದವು. ಕಥೆಯ ಪುಸ್ತಕವೆಂದಾಗ ಅಂಗಡಿಯವನು ಮರ್ಯಾದೆಯಿಂದಲೇ ನಕ್ಕು, “ಅದನ್ನು ಯಾರು ಕೇಳ್ತಾರೆ ಸಾರ್?” ಎಂದನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೇಳುವವರಿಲ್ಲದೆ ಅವನು ತರಿಸುವುದಿಲ್ಲ. ತರಿಸದೆ ಯಾರೂ ಕೇಳುವುದಿಲ್ಲ. ಈ ಸುತ್ತು ಎಲ್ಲಿ ಕಡಿಯಬೇಕು?

ಈಗಿನ ಮಕ್ಕಳು ಓದುವುದನ್ನು ಬಿಟ್ಟರೆಂದು ಸಭೆಗಳಲ್ಲಿ ದುಃಖಿಸುವುದು ನಮ್ಮಂಥ ಮೇಷ್ಟ್ರುಗಳ ಒಂದು ಅಭ್ಯಾಸ. ಮೊಬೈಲ್ ಫೋನು ಮನೆಮನೆಗೂ ಬಂದಿತು; ಪುಸ್ತಕ ಬರಲಿಲ್ಲ. ಬಾರದೆ ಇದ್ದುದನ್ನು ಮಕ್ಕಳು ಬಿಟ್ಟರೆಂದು ಹೇಳುವುದು ನ್ಯಾಯವಲ್ಲ.

ಕನ್ನಡ ಪುಸ್ತಕವು ತಾನಾಗಿ ಓದುಗನ ಬಳಿ ನಡೆದುಹೋದ ಕಾಲ ಹಿಂದೆಯೂ ಇರಲಿಲ್ಲ. ಯಾರಾದರೂ ಅದನ್ನು ಹೊರಬೇಕಾಗಿತ್ತು. ಗಳಗನಾಥರ ಹೆಸರನ್ನು ಇಲ್ಲಿ ನೆನೆಯದಿದ್ದರೆ ಅಪರಾಧವಾದೀತು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಈ ಶಾಲಾ ಉಪಾಧ್ಯಾಯರು (1869–1942) ಕಾದಂಬರಿಗಳನ್ನು ಬರೆದು ಅಚ್ಚುಹಾಕಿಸಿ ಸುಮ್ಮನೆ ಕೂರಲಿಲ್ಲ. ಪುಸ್ತಕದ ಗಂಟನ್ನು ತಾವೇ ಹೊತ್ತು ಊರಿಂದ ಊರಿಗೆ ನಡೆದು ಮಾರಿದರು. ಕನ್ನಡಿಗರು ಕಾದಂಬರಿ ಓದುವುದನ್ನು ಕಲಿತುದರಲ್ಲಿ ಅವರ ಲೇಖನಿಯ ಪಾಲೆಷ್ಟು, ಅವರ ಕಾಲುಗಳ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರ ಬಲದ ಮೇಲೆ ಅದನ್ನು ನಡೆಸಿಕೊಂಡು ಬಂದರು. ಇಲ್ಲಿ ಹೊರುವ ತಲೆಯ ಬದಲು ಅಂಚೆಯ ಚೀಲ. ಆದರೆ ತತ್ವ ಒಂದೇ. ಓದುಗ ಎಲ್ಲಿದ್ದಾನೆಂದು ಮೊದಲು ಗೊತ್ತುಮಾಡಿಕೊಂಡು ಅವನ ಮನೆಗೇ ಪುಸ್ತಕವನ್ನು ಮುಟ್ಟಿಸುವುದು.

ಮಕ್ಕಳ ಪುಸ್ತಕಗಳ ಚರಿತ್ರೆಯೂ ಇದಕ್ಕಿಂತ ಬೇರೆಯಲ್ಲ. ಶಾಲಾ ಇನ್ಸ್‌ಪೆಕ್ಟರರಾಗಿ ಮಕ್ಕಳ ನಡುವೆ ತಿರುಗಾಡಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಜಿ. ಪಿ. ರಾಜರತ್ನಂ ಅವರು ಎಳೆಯ ಮಕ್ಕಳಿಗೆ ಪಾಠ ಹೇಳುವಾಗ, ಪುಸ್ತಕದಲ್ಲಿದ್ದ ಪದ್ಯಗಳು ಮಕ್ಕಳ ನಾಲಿಗೆಗೆ ಹೊಂದದುದನ್ನು ಕಂಡು, ಹೊಂದುವಂಥವನ್ನು ತಾವೇ ಬರೆಯಲಾರಂಭಿಸಿದರು. ‘ತುತ್ತೂರಿ’ ಹುಟ್ಟಿದುದು ಹೀಗೆ. ಬಳೆಗಾರನ ಅಳತೆಯೆಂದರೆ ಇದೇ ಅಲ್ಲವೆ? ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬಂಟಿಯಾಗಿ ಸಿದ್ಧಪಡಿಸಿದರು. ಮುಂದೆ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶವಾದ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂದಿತು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಸಂಪುಟವಾಗಿ ಹೊರಟಿತು. ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ-ಭಾರತಿ’ಯೆಂಬ ಮಾಲೆಯನ್ನು ಹೊರತಂದಿತು, ಅದರಲ್ಲಿ ಬಂದ ಕಿರುಪುಸ್ತಕಗಳು 510. ಬರೆಯುವವರಿಗೆ ಕನ್ನಡದಲ್ಲಿ ಬರವಿರಲಿಲ್ಲ, ಹೊರುವವರಿಗೆ ಬರ. ನೆರೆಯ ಕೇರಳದಲ್ಲಿ 1962ರಲ್ಲಿ ಹುಟ್ಟಿದ ಶಾಸ್ತ್ರಸಾಹಿತ್ಯ ಪರಿಷತ್ತಿನ ಕಾರ್ಯಕರ್ತರು, ಅವರಲ್ಲಿ ಉಪಾಧ್ಯಾಯರೇ ಬಹುಮಂದಿ, ಚೀಲ ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ಪುಸ್ತಕ ಮಾರಿ ಸಂಸ್ಥೆಯನ್ನು ನಡೆಸಿದ್ದಾರೆ. ನಮ್ಮಲ್ಲಿ ಮೇಷ್ಟ್ರಾದವನು ಪುಸ್ತಕವನ್ನು ಹೊಗಳಬಹುದು, ತೆಗಳಬಹುದು. ಮಾರಿದರೆ ಮಾತ್ರ ಗೌರವಕ್ಕೆ ಕುಂದು!

ಈ ಕುಂದನ್ನು ಹೊತ್ತುಕೊಳ್ಳೋಣವೆಂದು ಒಂದು ವರ್ಷ ಶ್ರಾವಣದಲ್ಲಿ ನಾನೇ ಹೊರಟೆ. ಬೆಂಗಳೂರಿನಿಂದ 50 ಮಕ್ಕಳ ಪುಸ್ತಕಗಳನ್ನು ತಂದು, ಹೊಳವನಹಳ್ಳಿಯ ಅಕ್ಕನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಜೋಡಿಸಿದೆ. ಅಕ್ಕ ನೆರೆಹೊರೆಯ ಹದಿನಾಲ್ಕು ಮನೆಗಳಿಗೆ ಹೇಳಿಕಳುಹಿಸಿದ್ದಳು. ಪುರಿಯುಂಡೆ, ಕಾಫಿ ಆಯಿತು. ನಾನು ಬಾಲಸಾಹಿತ್ಯದ ಮಹತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ಬಂದವರು ಅದನ್ನು ಸಹಿಸಿದರು. ಸಂಜೆಯಾಗುವಷ್ಟರಲ್ಲಿ 38 ಪುಸ್ತಕಗಳು ಖರ್ಚಾದವು. ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಗಳಗನಾಥರ ಸಾಲಿಗೆ ಸೇರಿದೆನೆಂದು ಮನಸ್ಸಿನಲ್ಲಿಯೇ ಬೀಗಿದುದನ್ನು ಈಗ ಒಪ್ಪಿಕೊಳ್ಳಬೇಕು.

ಮೂರು ತಿಂಗಳು ಕಳೆದು ದೀಪಾವಳಿಗೆ ಆ ಊರಿಗೆ ಹೋದಾಗ ಬೀಗಿದುದು ಇಳಿಯಿತು. ಒಂದು ಮನೆಯಲ್ಲಿ ಪುಸ್ತಕವು ಗಾಜಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ, ಬೆಳ್ಳಿಯ ಲೋಟದ ಪಕ್ಕದಲ್ಲಿ ನಿಂತಿತ್ತು. ಇನ್ನೊಂದು ಮನೆಯವರು ಯಾರದೋ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟುಬಿಟ್ಟಿದ್ದರು. ಐದು ವರ್ಷದ ಹುಡುಗಿಯೊಬ್ಬಳಿಗೆ ನಾನು ವಿಜ್ಞಾನಿಯೊಬ್ಬರ ಜೀವನಚರಿತ್ರೆಯನ್ನು ಮಾರಿದ್ದೆ. ಅವಳು ಅದರ ಪುಟಗಳಿಂದ ದೋಣಿ ಮಾಡಿದ್ದಳು. ಆ ಪುಸ್ತಕದಿಂದ ಅವಳಿಗಾದ ಪ್ರಯೋಜನ ಅದೊಂದೇ. ನಾನು ಸಲುಗೆಯಿಂದ, “ಓದದಿದ್ದ ಮೇಲೆ ಯಾಕಮ್ಮ ಕೊಂಡಿರಿ?” ಎಂದು ಒಬ್ಬ ತಾಯಿಯನ್ನು ಕೇಳಿದೆ. ಆಕೆ ಸಂಕೋಚಪಡುತ್ತ ಹೇಳಿದ ಮಾತು ಇದು: “ಏನ್ ಮಾಡೋದು ಮೇಷ್ಟ್ರೇ, ನೀವು ದೊಡ್ಡೋರು ಊರಿಗೆ ಬಂದಿದ್ರಿ. ಅಕ್ಕನ ಮನೇಲಿ ಕಾಫಿ ಕುಡಿದು ಬರಿಗೈಲಿ ಎದ್ದು ಬರೋಕಾಗುತ್ತಾ?”

ಅಂದು ಖರ್ಚಾದ 38ರಲ್ಲಿ 11 ಪುಸ್ತಕಗಳು ಸಾಲದವು. ಯಾರಿಗೆ ಎಂದು ಬರೆದುಕೊಂಡಿದ್ದೆನೇ ಹೊರತು ಎಷ್ಟಕ್ಕೆ ಎಂದು ಬರೆದುಕೊಂಡಿರಲಿಲ್ಲ. ಐದರ ಹಣ ಬರಲೇ ಇಲ್ಲ. ‘ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ’ ಎಂಬ ಗಾದೆಯನ್ನು ನೆನೆದು ನಾನು ನಕ್ಕು ಮರೆಯಬಹುದಾಗಿತ್ತು. ಆದರೆ ಅಕ್ಕನಿಗೆ ಅದು ನಗುವ ವಿಷಯವಾಗಿರಲಿಲ್ಲ. ಹಣ ಕೊಡಬೇಕಾಗಿದ್ದ ಇಬ್ಬರು ನೆರೆಯವರು ಅವಳ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ನೀರಿಗೆ ಹೋಗುತ್ತಿದ್ದರು. “ನಿನ್ನ ಪುಸ್ತಕ ಹಾಳಾಗಲಿ ಕಣಪ್ಪಾ, ದಿನಾ ಮಾತಾಡ್ತಿದ್ದೋರು ಮಾತು ಬಿಟ್ಟರು” ಎಂದು ಅವಳು ಅಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮುನ್ನೂರು ರೂಪಾಯಿಯ ಜೊತೆಗೆ ಎರಡು ನೆರೆಮನೆಗಳನ್ನು ನಾನು ಅವಳಿಂದ ಕಳೆದಿದ್ದೆ.

ಮನೆಯ ಕೂಟದ ಮಾರಾಟದಲ್ಲಿರುವ ಬಲವೂ ಅಪಾಯವೂ ಒಂದೇ: ಅದು ದಾಕ್ಷಿಣ್ಯ. ಅಂಗಡಿಯಲ್ಲಿ ಬೇಡವೆಂದು ಹೊರಟುಬರುವುದು ಸುಲಭ. ಗೆಳತಿಯ ಪಡಸಾಲೆಯಲ್ಲಿ ಅದು ಕಷ್ಟ. ಪ್ಲಾಸ್ಟಿಕ್ ಡಬ್ಬಿಯನ್ನು ದಾಕ್ಷಿಣ್ಯಕ್ಕೆ ಕೊಂಡರೂ ಅದರಲ್ಲಿ ಬೇಳೆ ತುಂಬಿಡಬಹುದು. ದಾಕ್ಷಿಣ್ಯಕ್ಕೆ ಕೊಂಡ ಪುಸ್ತಕ ಮಾತ್ರ ಯಾರಿಗೂ ಒದಗದು. ಮಗು ಅದನ್ನು ಕೇಳಲಿಲ್ಲ, ತಾಯಿ ಅದನ್ನು ಬಯಸಲಿಲ್ಲ. ದಾಕ್ಷಿಣ್ಯವನ್ನು ಕುರಿತು ನಮ್ಮ ಹಳ್ಳಿಯವರಲ್ಲಿ ಖಾರವಾದ ಗಾದೆಯೊಂದುಂಟು. ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಇಂಥ ಮಾರಾಟಕ್ಕೆ ಅಣಿಯಾಗುವುದೆಂದರೆ ಚೀಲ, ಪಟ್ಟಿ, ರಸೀತಿಗಳನ್ನು ಹೊಂದಿಸಿಕೊಳ್ಳುವುದಷ್ಟೇ ಅಲ್ಲ. ಬೇಡವೆನ್ನುವ ಸ್ವಾತಂತ್ರ್ಯವನ್ನು ಕೊಳ್ಳುವವರಿಗೆ ಮೊದಲೇ ಒದಗಿಸಿಕೊಡುವುದು ಅದರ ಮೂಲ ಸಿದ್ಧತೆ. ಮಿಕ್ಕ ಏರ್ಪಾಡುಗಳೆಲ್ಲ ಈ ಒಂದಕ್ಕೆ ಅನುಸಾರವಾಗಿರಬೇಕು. ಹೇಗೆಂಬುದನ್ನು ಎಡವಿದವನ ಅನುಭವದಿಂದ ಹೇಳುತ್ತೇನೆ.

ಮೊದಲನೆಯದು ಆಯ್ಕೆ. ಮಾರುವವನು ಎಲ್ಲ ಪುಸ್ತಕಗಳನ್ನೂ ಮೊದಲು ತಾನು ಓದಿರತಕ್ಕದ್ದು. ಮಕ್ಕಳ ಪುಸ್ತಕವಾದುದರಿಂದ 40 ಪುಸ್ತಕಗಳನ್ನು ಎರಡು ಸಂಜೆಗಳಲ್ಲಿ ಓದಬಹುದು. ಓದದೆ ಮಾರುವುದಕ್ಕೆ ನೆಪವಿಲ್ಲ. ಅವನ್ನು ವಯಸ್ಸಿನಂತೆ ವಿಂಗಡಿಸಬೇಕು: ಪುಟಕ್ಕೊಂದು ಚಿತ್ರ, ಎರಡು ಸಾಲು ಇರುವಂಥವು ಒಂದು ಕಡೆ, ಚಿತ್ರದ ಜೊತೆಗೆ ಕಥೆ ಬೆಳೆಯುವಂಥವು ಇನ್ನೊಂದು ಕಡೆ, ತಾನೇ ಕುಳಿತು ಓದಬಲ್ಲ ಹುಡುಗನಿಗೆ ಬೇಕಾದವು ಮತ್ತೊಂದು ಕಡೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನವರು ಓದಿನ ಮಟ್ಟವನ್ನು 1ರಿಂದ 4ರವರೆಗೆ ಪುಸ್ತಕದ ಮೇಲೆಯೇ ಅಚ್ಚುಹಾಕುವುದರಿಂದ ಈ ಕೆಲಸ ಹಗುರವಾಗುತ್ತದೆ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಮಾಲೆ, ಚೆನ್ನೈಯ ತೂಲಿಕಾದ ಕನ್ನಡ ಪುಸ್ತಕಗಳು, ನವಕರ್ನಾಟಕದ ವಿಜ್ಞಾನ ಪುಸ್ತಕಗಳು ಹೀಗೆ ಹುಡುಕಿದರೆ ಅಳತೆಗೆ ತಕ್ಕವು ದೊರೆಯುತ್ತವೆ. ಎಲ್ಲವೂ ನೀತಿಕಥೆಯಾಗದಂತೆ ಎಚ್ಚರ ವಹಿಸಬೇಕು. ದೊಡ್ಡವರು ನೀತಿಕಥೆಯನ್ನು ಕೊಳ್ಳುತ್ತಾರೆ. ಮಕ್ಕಳು ನಗೆಯ ಕಥೆಯನ್ನು ಓದುತ್ತಾರೆ.

ಎರಡನೆಯದು ದಿನ ಮತ್ತು ಸ್ಥಳ. ಕೂಟವನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ; ಹಳೆಯ ಮೈಸೂರಿನ ಸೀಮೆಯಲ್ಲಿ ಮಕ್ಕಳಿಗಾಗಿಯೇ ನಡೆಯುವ ಕೂಟವೊಂದು ಇದ್ದೇ ಇದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗಳಿಗೆ ಸಂಜೆ ಮಕ್ಕಳು ಹಿಂಡುಹಿಂಡಾಗಿ ಹೋಗಿ, ಹಾಡು ಹೇಳಿ, ಬಾಗಿನದ ತಿಂಡಿ ಪಡೆದು ಬರುವುದನ್ನು ಕಾಣದವರಾರು? ಬೇಸಗೆಯ ರಜೆಯ ಮಧ್ಯಾಹ್ನಗಳೂ ಒಳ್ಳೆಯವು. ಹಿಂದೆ ನಮ್ಮ ಹಳ್ಳಿಗಳ ಪಡಸಾಲೆಗಳಲ್ಲಿ ಜೈಮಿನಿ ಭಾರತ, ಕುಮಾರವ್ಯಾಸ ಭಾರತಗಳ ವಾಚನ ನಡೆಯುತ್ತಿತ್ತು. ಊರು ಕುಳಿತು ಕೇಳುತ್ತಿತ್ತು. ಓದಿ ಹೇಳುವುದು ನಮಗೆ ಹೊಸತಲ್ಲ. ಆದುದರಿಂದ ಮೂರನೆಯ ನಿಯಮ: ಭಾಷಣ ಬೇಡ, ವಾಚನ ಬೇಕು. ಒಂದು ಕಥೆಯನ್ನು ಪೂರ್ತಿಯಾಗಿ ಓದಿ ಹೇಳಬೇಕು. ಇನ್ನೊಂದನ್ನು ಅರ್ಧಕ್ಕೆ ನಿಲ್ಲಿಸಬೇಕು. ಆಮೇಲೆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಟ್ಟು ಮಾರುವವನು ದೂರ ಸರಿದು ಕೂರಬೇಕು. ಮಗುವು ಯಾವ ಪುಸ್ತಕವನ್ನು ಎರಡನೆಯ ಸಲ ಎತ್ತಿಕೊಳ್ಳುತ್ತದೆಯೋ ಅದೇ ಅದರ ಅಳತೆ.

ನಾಲ್ಕನೆಯದು ದಾಕ್ಷಿಣ್ಯಕ್ಕೆ ಒಡ್ಡು ಕಟ್ಟುವುದು. ಬಂದವರಿಗೆ ಮೊದಲೇ, “ಈ ದಿನ ನೋಡುವುದು ಮಾತ್ರ, ಬೇಕಾದವರು ನಾಳೆ ಬೆಳಿಗ್ಗೆ ಬಂದು ಹೇಳಬಹುದು” ಎಂದುಬಿಡಬೇಕು. ಒಂದು ರಾತ್ರಿ ಕಳೆದ ಮೇಲೂ ಮಗು ಕೇಳಿದರೆ ಆ ಪುಸ್ತಕ ಓದಿಸಿಕೊಳ್ಳುತ್ತದೆ; ಕೇಳದಿದ್ದರೆ ಯಾರ ಮರ್ಯಾದೆಗೂ ಭಂಗವಿಲ್ಲ. ಸಾಲ ಕೂಡದು, ಆದರೆ ಹಣವಿಲ್ಲದ ಮನೆಯ ಮಗುವಿನ ಮುಖ ಬಾಡಲೂ ಕೂಡದು. ಅದಕ್ಕಾಗಿ ಪ್ರತಿಯೊಂದು ಕೂಟದಲ್ಲಿಯೂ ಕೆಲವು ಪುಸ್ತಕಗಳನ್ನು ಆ ಮನೆಯಲ್ಲಿಯೇ ಬಿಟ್ಟುಬರಬೇಕು. ಯಾವ ಮಗುವಾದರೂ ಒಯ್ದು ಓದಿ ತಂದುಕೊಡಲಿ.

ಐದನೆಯದು ಲೆಕ್ಕ. ಸಾಹಿತ್ಯಪ್ರೇಮಿಗಳು ಇದನ್ನು ಕೀಳೆಂದು ತಿಳಿಯಬಾರದು. 60 ರೂಪಾಯಿ ಬೆಲೆಯ 40 ಪುಸ್ತಕಗಳನ್ನು ತಂದೆವೆಂದು ಇಟ್ಟುಕೊಳ್ಳೋಣ. ಮುಖಬೆಲೆ 2,400 ರೂಪಾಯಿ. ಪ್ರಕಾಶಕರು ನೂರಕ್ಕೆ 25ರಂತೆ ಬಿಟ್ಟುಕೊಟ್ಟರೆ ನಾವು ತೆರಬೇಕಾದುದು 1,800. ಕೂಟದಲ್ಲಿ 24 ಪುಸ್ತಕ ಮಾರಿದರೆ ಕೈಗೆ ಬರುವುದು 1,440, ಅವುಗಳ ಅಸಲು 1,080, ಉಳಿತಾಯ 360. ಬಸ್ಸಿನ ಖರ್ಚು 120, ತಿಂಡಿ ಕಾಫಿಗೆ 100 ಹೋದರೆ ಮಿಕ್ಕುವುದು 140 ರೂಪಾಯಿ. ಮನೆಯಲ್ಲಿ ಬಿಟ್ಟುಬರುವ ಮೂರು ಪುಸ್ತಕಗಳ ಅಸಲು 135 ಕಳೆದರೆ ಕೊನೆಗೆ ಉಳಿಯುವುದು ಐದು ರೂಪಾಯಿ! ಇದರಿಂದ ಶ್ರೀಮಂತರಾಗುವ ಆಸೆಯಿದ್ದವರು ಬೇರೆ ಕೆಲಸ ನೋಡಿಕೊಳ್ಳುವುದು ಲೇಸು. ಆದರೆ ನಷ್ಟವಿಲ್ಲದೆ ನಡೆಯಬಲ್ಲ ಕೆಲಸ ವರ್ಷಾನುವರ್ಷ ನಡೆದೀತು. ಉದಾರಬುದ್ಧಿಯಿಂದ ನಷ್ಟಪಟ್ಟು ಮಾಡುವ ಕೆಲಸ ಎರಡನೆಯ ಸಲಕ್ಕೆ ನಿಲ್ಲುತ್ತದೆ. ಮಾರದೆ ಉಳಿದ 13 ಪುಸ್ತಕಗಳು ಮುಂದಿನ ಕೂಟದ ಬಂಡವಾಳ. ಒಂದು ದಫ್ತರದಲ್ಲಿ ಪುಸ್ತಕದ ಹೆಸರು, ತಂದ ಬೆಲೆ, ಮಾರಿದ ಬೆಲೆ, ಕೊಂಡ ಮಗುವಿನ ವಯಸ್ಸು ಈ ನಾಲ್ಕು ಕಲಮುಗಳಿದ್ದರೆ ಸಾಕು. ನಮ್ಮ ಹಳ್ಳಿಯ ಸ್ತ್ರೀಶಕ್ತಿ ಸಂಘಗಳ ಹೆಂಗಸರು ವಾರವಾರದ ಉಳಿತಾಯವನ್ನು ಪೈಸೆ ತಪ್ಪದಂತೆ ಬರೆದಿಡುವುದನ್ನು ನೋಡಿದ್ದೇನೆ. ದಫ್ತರವನ್ನು ಅವರ ಕೈಗೆ ಕೊಡುವುದು ಮೇಷ್ಟ್ರ ಕೈಯಲ್ಲಿಡುವುದಕ್ಕಿಂತ ಕ್ಷೇಮ.

ಅಚ್ಚಾದ ಪುಸ್ತಕಗಳಿಗೆ ಜಿ.ಎಸ್.ಟಿ. ಇಲ್ಲವೆಂಬುದು ಒಂದು ಅನುಕೂಲ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆಯನ್ನು ಆರಂಭಿಸಿ, ಓದಿನ ಪುಸ್ತಕಗಳಿಗೆ ಕಡಮೆ ದರವನ್ನು ಗೊತ್ತುಪಡಿಸಿತು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋ ಕಟ್ಟಿಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ಬೆಂಗಳೂರಿಗೆ ಓಡಾಡಲಾರದವರು ಇದನ್ನು ವಿಚಾರಿಸಬಹುದು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನೆಯಲ್ಲಿಯೇ ಕುಳಿತು ಸಂಪಾದಿಸಿರೆಂದು ಆಸೆತೋರಿಸಿ, ಮೊದಲು ಸೇರಿಕೆಯ ಹಣ ಕಟ್ಟಿಸಿಕೊಂಡು, ಆಮೇಲೆ ಇನ್ನಿಬ್ಬರನ್ನು ಸೇರಿಸಿರೆಂದು ಹೇಳುವ ಯೋಜನೆಗಳು ಬರುತ್ತವೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನೇರಮಾರಾಟದ ನಿಯಮಗಳು ಸೇರಿಕೆಯ ಹಣ ಕೀಳುವುದನ್ನೂ, ಜನರ ಮೇಲೆ ಜನರನ್ನು ಸೇರಿಸಿ ಗೋಪುರ ಕಟ್ಟುವ ಯೋಜನೆಗಳನ್ನೂ ನಿಷೇಧಿಸಿವೆ. ಪುಸ್ತಕದ ಹೆಸರು ಅಂಟಿದೊಡನೆ ಮೋಸವು ಪವಿತ್ರವಾಗುವುದಿಲ್ಲ.

ಪುಸ್ತಕವನ್ನು ಮಾರುವುದೇಕೆ, ಗ್ರಂಥಾಲಯದಿಂದ ಕೊಡಬಾರದೆ ಎಂದು ಕೇಳುವವರಿದ್ದಾರೆ. ಕೊಡಲೇಬೇಕು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಷ್ಟು ಹಿಂದೆಯೇ ಬಂದಿದೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುವಂತಾಯಿತು. ಇವು ದೊಡ್ಡ ಕೆಲಸಗಳು. ಆದರೆ ಗ್ರಂಥಾಲಯದ ಪುಸ್ತಕ ಊರಿನದು. ತನ್ನ ಹೆಸರನ್ನು ತಾನೇ ವಕ್ರವಕ್ರವಾಗಿ ಬರೆದುಕೊಂಡು, ದಿಂಬಿನ ಕೆಳಗೆ ಇಟ್ಟುಕೊಂಡು, ಇಪ್ಪತ್ತು ಸಲ ಓದುವ ಪುಸ್ತಕವು ಮಗುವಿನದು. ಎರಡರ ಸುಖವೂ ಬೇರೆಬೇರೆ. ಒಂದು ಪುಸ್ತಕವನ್ನು ಸ್ವಂತವೆಂದು ಪ್ರೀತಿಸಿದ ಮಗುವೇ ಗ್ರಂಥಾಲಯದ ಬಾಗಿಲನ್ನು ಹುಡುಕಿಕೊಂಡು ಹೋಗುವುದೆಂದು ನನ್ನ ನಂಬಿಕೆ.

ಎರಡನೆಯ ಸಲ ಹೊಳವನಹಳ್ಳಿಗೆ ನಾನು ಹೋದುದು ಮರುವರ್ಷದ ನವರಾತ್ರಿಯಲ್ಲಿ. ಅಕ್ಕ ಮೊದಲು ಒಪ್ಪಲಿಲ್ಲ. “ಯಾರ ಹತ್ರಾನೂ ದುಡ್ಡು ಕೇಳಕೂಡದು, ಹಾಗಿದ್ರೆ ಬಾ” ಎಂದಳು. ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳ ಕಾಲ ಬಳಿ ಪುಸ್ತಕಗಳನ್ನು ಇಟ್ಟೆವು. ಒಂದು ಕಥೆಯನ್ನು ಓದಿ ಹೇಳಿ, ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ, ನಾನು ಕಂಬಕ್ಕೆ ಒರಗಿ ಕುಳಿತೆ. ಮರುದಿನ ಬೆಳಿಗ್ಗೆ ಮಾರಿದ ಪುಸ್ತಕಗಳು 11. ಮೊದಲ ಸಲದ ಮೂರರಲ್ಲೊಂದು ಪಾಲೂ ಇಲ್ಲ. ಆದರೆ ಹನ್ನೊಂದನ್ನೂ ಕೊಳ್ಳಲು ಮಕ್ಕಳೇ ತಾಯಂದಿರ ಸೆರಗು ಹಿಡಿದು ಎಳೆತಂದಿದ್ದರು. ದೋಣಿ ಮಾಡಿದ್ದ ಹುಡುಗಿಯೂ ಅವರಲ್ಲಿ ಒಬ್ಬಳು. ಹಿಂದಿನ ಓಣಿಯಿಂದ ಹೋಗುತ್ತಿದ್ದ ಇಬ್ಬರಲ್ಲಿ ಒಬ್ಬಾಕೆ ಬಾಗಿಲ ಹೊರಗೆ ಬಂದು ನಿಂತಿದ್ದಳು. ಅಕ್ಕನೇ ಹೋಗಿ ಕೈಹಿಡಿದು ಒಳಕ್ಕೆ ಕರೆತಂದು ಕುಂಕುಮ ಕೊಟ್ಟಳು. ಹಳೆಯ ಬಾಕಿಯ ಮಾತನ್ನು ಯಾರೂ ಎತ್ತಲಿಲ್ಲ. ಆಕೆಯ ಮಗ, ಹತ್ತು ವರ್ಷದವನಿರಬೇಕು, ಅರ್ಧಕ್ಕೆ ನಿಂತ ಕಥೆಯ ಪುಸ್ತಕವನ್ನು ಹಿಡಿದುಕೊಂಡು ತಾಯಿಯ ಮುಖವನ್ನೂ ನನ್ನ ಮುಖವನ್ನೂ ನೋಡಿದನು. ಆ ಪುಸ್ತಕ ಮಾರಾಟದ್ದಲ್ಲವೆಂದೂ, ಮನೆಯಲ್ಲಿ ಬಿಟ್ಟುಹೋಗುವ ಮೂರರಲ್ಲಿ ಅದು ಒಂದೆಂದೂ, ಮೊದಲು ಒಯ್ಯುವ ಸರದಿ ಅವನದೆಂದೂ ಹೇಳಿದೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ ಅಕ್ಕ ಆ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟಳು. ಏಳು ಮನೆಗಳನ್ನು ಸುತ್ತಿ ಬಂದಿತ್ತು. ಮೇಲಿನ ರಟ್ಟು ಕಿತ್ತುಹೋಗಿ ಯಾರೋ ಗೋಧಿ ಹಿಟ್ಟಿನ ಅಂಟಿನಿಂದ ಮೆತ್ತಿದ್ದರು. ಕೊನೆಯ ಪುಟದ ಮೂಲೆ ಹರಿದಿತ್ತು. ನಡುವಿನ ಚಿತ್ರವೊಂದಕ್ಕೆ ಪೆನ್ಸಿಲಿನಿಂದ ಮೀಸೆ ಬಂದಿತ್ತು. “ಹಾಳುಮಾಡಿಬಿಟ್ಟಿದ್ದಾವೆ ಕಣಪ್ಪಾ, ಇದರ ದುಡ್ಡು ನಾನು ಕೊಡ್ಲಾ?” ಎಂದು ಅವಳು ಕೇಳಿದಳು. ತೊಡಿಸುವಾಗ ಒಡೆದ ಬಳೆಗೆ ಬಳೆಗಾರ ಎಂದಾದರೂ ಕಾಸು ಕೇಳಿದ್ದುಂಟೆ? ಅದನ್ನು ದಫ್ತರದಲ್ಲಿ ನಷ್ಟದ ಕಡೆಗೆ ಬರೆದುಕೊಂಡು, ಅದೇ ಕಥೆಯ ಹೊಸ ಪ್ರತಿಯೊಂದನ್ನು ಚೀಲದಿಂದ ತೆಗೆದು ಅಕ್ಕನ ಕೈಗೆ ಕೊಟ್ಟೆ.